ಕಪ್ತಾನ ಕುಡಿದ ಹದಿನೇಳು ಬಟ್ಟಲು

ಹೌರಾನ್ ಬೆಟ್ಟದಲ್ಲಿ ಫ್ರೆಂಚರು ಕೂರಿಸಿದ ಕಪ್ತಾನನ ಆಳ್ವಿಕೆ ನಡೆದದ್ದು ಬರೀ ಹತ್ತೊಂಬತ್ತು ದಿನ. ಅತಿಥಿಗಳಿಗೆ ಕಾಫಿ ಕುಟ್ಟಿ ಕಾಯಿಸುವ ಫಂದಿಯ ಒರಳಿನ ಆಳ್ವಿಕೆ ಫಂದಿಯ ಮುತ್ತಜ್ಜನ ಕಾಲದ್ದು. ಊರಿನ ಅತಿಥಿಮನೆಯಲ್ಲಿ ಅವನ ಒನಕೆ ತಾಳ ಹಿಡಿದರೆ ಸಾಕು, ದ್ರಾಕ್ಷಿತೋಟದವರು ಕತ್ತರಿ ಬಿಸಾಕಿ ಓಡಿಬರುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು.

ಕಪ್ತಾನನಿಗೆ ಆ ಸದ್ದಿನಿಂದ ಮಧ್ಯಾಹ್ನದ ನಿದ್ದೆ ಕೆಟ್ಟಿತು. ಮೂರನೆಯ ದಿನವೇ ಒರಳು ಜಪ್ತಿಯಾಗಿ ಅವನ ಕಚೇರಿ ಸೇರಿತು. ಅಲ್ಲಿ ಅದರೊಳಗೆ ಅವನ ಬೆತ್ತ, ಕೊಡೆಗಳು ನಿಂತವು.

"ಬೀಸೋಕಲ್ಲಲ್ಲಿ ಕಾಫಿ ಬೀಸ್ತೀಯಲ್ಲ, ವಾಲಗ ಇಲ್ದಿರೋ ಮದುವೆಗೆ ಯಾರು ಬರ್ತಾರೆ?" ಎಂದು ಫಂದಿಯ ಹೆಂಡತಿ ಜಹಿಯಾ ಚುಚ್ಚಿದಳು. ಯಾರೂ ಬರಲಿಲ್ಲ. ಫಂದಿ ಹದಿನಾರು ದಿನ ಬರಿಗೈಯಲ್ಲೇ ಗಾಳಿ ಕುಟ್ಟಿದ.

ಹತ್ತೊಂಬತ್ತನೆಯ ದಿನ ಕಪ್ತಾನ ಅತಿಥಿಮನೆಗೇ ಬಂದ. ಮನೆಗೊಬ್ಬರಂತೆ ರಸ್ತೆಗೆ ಕಲ್ಲು ಒಡೆಯಬೇಕೆಂಬ ಹುಕುಂ ಅವನ ಕೈಯಲ್ಲಿತ್ತು.

"ಮೊದಲು ಕಾಫಿ, ಆಮೇಲೆ ಹುಕುಂ," ಎಂದರು ಊರಿನ ಹಿರಿಯ ನಾಯೆಫ್ ಶೇಖರು.

"ಒರಳು ಕೊಡ್ತೀರಾ ಸಾಹೇಬ್ರೇ?" ಎಂದ ಫಂದಿ.

"ಇಲ್ಲ," ಎಂದ ಕಪ್ತಾನ.

ಫಂದಿ ಹಲ್ಲು ಕಚ್ಚಿ ಬಟ್ಟಲು ತುಂಬಿದ. ಸಾಕೆನ್ನುವವರು ಖಾಲಿ ಬಟ್ಟಲನ್ನು ಅಲುಗಾಡಿಸಿ ಕೊಡಬೇಕು. ಸುಮ್ಮನೆ ಚಾಚಿದರೆ ಇನ್ನೂ ಬೇಕೆಂದರ್ಥ. ಕಪ್ತಾನನಿಗೆ ಅರಬಿ ಬರುತ್ತಿತ್ತು, ಇದು ಬರುತ್ತಿರಲಿಲ್ಲ. ಕೊಟ್ಟದ್ದನ್ನು ಬೇಡವೆಂದರೆ ಮರ್ಯಾದೆಯಲ್ಲವೆಂದು ಕುಡಿದ, ಚಾಚಿದ. ಫಂದಿ ತುಂಬಿದ. ಮತ್ತೆ ಕುಡಿದ, ಮತ್ತೆ ಚಾಚಿದ.

ಐದನೆಯ ಬಟ್ಟಲಿಗೆ ಶೇಖರ ಕಣ್ಣು ಮಿಂಚಿತು. "ಹಾಕ್ತಾ ಇರಪ್ಪಾ ಫಂದಿ, ನಮ್ಮೋರಿಗೆ ಸ್ವಲ್ಪ ಹೊತ್ತು ಬೇಕು," ಎಂದು ಪಿಸುಗುಟ್ಟಿದರು. ಊರವರು ಮುಂದಿನ ವಾರಕ್ಕೆಂದು ಗುಟ್ಟಾಗಿ ಇಟ್ಟುಕೊಂಡಿದ್ದ ದಂಗೆಗೆ ಆ ಗಳಿಗೆಯೇ ಮುಹೂರ್ತವಾಯಿತು.

ಫಂದಿ ಹಿತ್ತಾಳೆ ಕೂಜ ಹಿಡಿದು ಸೇನಾಪತಿಯಂತೆ ಮುನ್ನುಗ್ಗಿದ. ಒಂಬತ್ತನೆಯ ಬಟ್ಟಲಿಗೆ ಠಾಣೆ ಊರವರ ಕೈಗೆ ಬಿತ್ತು. ಹನ್ನೆರಡಕ್ಕೆ ಬಂದೂಕುಗಳ ಕೋಣೆ ಬಿತ್ತು. ಹದಿನೈದಕ್ಕೆ ಕಪ್ತಾನನ ಮೀಸೆ ತಾನಾಗಿಯೇ ಕುಣಿಯತೊಡಗಿತು. ಹದಿನೇಳಕ್ಕೆ ಅವನ ಕೈ ಗಡಗಡ ನಡುಗಿ ಬಟ್ಟಲು ಅಲುಗಾಡಿತು.

"ಸಾಕಂತೆ!" ಎಂದು ಫಂದಿ ಕೂಜ ಕೆಳಗಿಟ್ಟ. "ಅಂತೂ ಪದ್ಧತಿ ಕಲಿತ್ರಲ್ಲ, ಸಾಹೇಬ್ರೇ!"

"ನೀವು ನಮ್ಮ ಕಾಫಿ ಕುಡಿದೋರು, ಮೈ ಮುಟ್ಟಲ್ಲ," ಎಂದರು ಶೇಖರು. "ಆದ್ರೆ ರಾಜ್ಯಭಾರ ಮುಗೀತು. ಹೇಸರಗತ್ತೆ ಕಾಯ್ತಾ ಇದೆ."

ಕಪ್ತಾನ ಪಿಸ್ತೂಲಿಗೆ ಕೈ ಹಾಕಿದ. ನಡುಗುವ ಬೆರಳಿಗೆ ಅದರ ಚೀಲದ ಗುಂಡಿಯನ್ನೇ ಬಿಚ್ಚಲಾಗಲಿಲ್ಲ. ಅವನನ್ನು ಎತ್ತಿ ಕೂರಿಸಿದಾಗ ಹೇಸರಗತ್ತೆಯೂ ಅವನ ಜೊತೆ ನಡುಗಿತು.

ಫಂದಿ ಅದನ್ನು ನೋಡಲು ನಿಲ್ಲಲಿಲ್ಲ. ಕಚೇರಿಗೆ ಓಡಿ, ಬೆತ್ತ ಕೊಡೆಗಳನ್ನು ಕಿಟಕಿಯಾಚೆ ಎಸೆದು, ಒರಳನ್ನು ಮಗುವಿನಂತೆ ತಬ್ಬಿಕೊಂಡು ತಂದ. ಕಪ್ತಾನ ಕಣಿವೆ ದಾಟುವಷ್ಟರಲ್ಲಿ ಅವನ ಬೆನ್ನ ಹಿಂದೆ ಒನಕೆಯ ತಾಳ ಎದ್ದಿತು. ಅವನ ಎದುರಿನಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಆ ತಾಳದತ್ತ ನಾ ಮುಂದೆ ತಾ ಮುಂದೆ ಎಂದು ಓಡಿಬರುತ್ತಿದ್ದರು.