ಕೆಟೂರಾಳ ಕೆಂಪು

ಟ್ರಾಯ್ ಪಟ್ಟಣದ ಹೂಪರ್ ಮುದ್ರಣಾಲಯದ ಮಹಡಿಯಲ್ಲಿ ಬಣ್ಣ ಹಚ್ಚುವ ಹೆಂಗಸರ ಉದ್ದನೆಯ ಮೇಜೊಂದಿತ್ತು. ಅಲ್ಲಿ ಒಬ್ಬಳಿಗೆ ಒಂದೇ ಬಣ್ಣ. ಕಪ್ಪು ಗೆರೆಯಲ್ಲಿ ಅಚ್ಚಾದ ಹಾಳೆ ಕೈಯಿಂದ ಕೈಗೆ ಸಾಗುತ್ತ, ನೀಲಿಯವಳಿಂದ ಆಕಾಶವನ್ನೂ ಹಸಿರಿನವಳಿಂದ ಮರವನ್ನೂ ಪಡೆಯುತ್ತಿತ್ತು. ಕೆಂಪು ಬಣ್ಣ ಕೆಟೂರಾ ಲ್ಯಾನ್ಸಿಂಗ್‌ಳದು. ಒಬ್ಬಳ ಕುಡಿಕೆಗೆ ಇನ್ನೊಬ್ಬಳು ಕುಂಚ ಅದ್ದುವುದೆಂದರೆ, ಕೇಳದೆ ಪರರ ಒಲೆಯ ಮೇಲಿನ ಮಡಕೆಗೆ ಸೌಟು ಹಾಕಿದಂತೆ.

ಆ ಶರತ್ಕಾಲದಲ್ಲಿ ಮೇಜಿಗೆ ಬಂದದ್ದು, ಕ್ರಿಸ್ಮಸ್ ರಾತ್ರಿ ಮಕ್ಕಳಿಗೆ ಉಡುಗೊರೆ ತರುವ ಸಂತನ ಕವಿತೆ. ಊರಿನ ಮಕ್ಕಳಿಗೆಲ್ಲ ಅದು ಬಾಯಿಪಾಠ. ಎಂದೋ ಪತ್ರಿಕೆಯೊಂದರಲ್ಲಿ ಹೆಸರಿಲ್ಲದೆ ಅಚ್ಚಾಗಿ, ಅನಾಥ ಕೂಸಿನಂತೆ ಮನೆಮನೆಯ ಮಡಿಲಲ್ಲಿ ಬೆಳೆದದ್ದು. ಈಗ ವಿದ್ವಾಂಸರೊಬ್ಬರು ‘ಅದು ನನ್ನದು’ ಎಂದಿದ್ದರು. ಯಾರೂ ಸಾಕ್ಷಿ ಕೇಳಲಿಲ್ಲ. ಮುದ್ರಣಾಲಯದ ಯಜಮಾನ ಹೂಪರ್ ಆ ವಿದ್ವಾಂಸರ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಚಿತ್ರಪುಸ್ತಕ ಹೊರಡಿಸಿದ.

ಕವಿತೆಯಲ್ಲಿ ಸಂತನ ಅಂಗಿಯ ಬಣ್ಣದ ಸೊಲ್ಲೇ ಇರಲಿಲ್ಲ. ಹೂಪರ್ ಕಂದು ಎಂದಿದ್ದ. ಆದರೆ ಕಂದು ಹಚ್ಚುವ ಹನೋರಾ ಹೆರಿಗೆಗೆ ಹೋಗಿದ್ದಳು; ಅವಳ ಕುಡಿಕೆಯನ್ನು ಮುಟ್ಟುವಂತಿರಲಿಲ್ಲ. ಅಂಗಿ ಬೆಳ್ಳಗೇ ಕೆಟೂರಾಳ ಮುಂದೆ ಬಂದಿತು. ಅಜ್ಜಿ ಡಚ್ ಮಾತಿನಲ್ಲಿ ಹೇಳುತ್ತಿದ್ದ ಕಥೆಯ ಸಂತ ಕೆಂಪು ನಿಲುವಂಗಿಯವನು. ಕೆಟೂರಾ ಅದನ್ನು ನೆನೆದು ಕುಂಚವೆತ್ತಿದಳು.

“ಸಂತನ್ನ ಕಟುಕನ್ ಥರ ಮಾಡಿಟ್ಟಿದೀಯಲ್ಲೇ!” ಎಂದು ಹೂಪರ್ ಕೂಗಾಡಿದ. ಹಾಳೆಗಳನ್ನು ಎಸೆಯಲು ಜೀವ ಒಪ್ಪದೆ ಅಂಗಡಿಗೆ ಕಳಿಸಿದ. ಕ್ರಿಸ್ಮಸ್ಸಿಗೆ ಮೊದಲೇ ಎಲ್ಲವೂ ಖಾಲಿಯಾದವು. ಮರುವರ್ಷ ಬಾಗಿಲಿಗೆ ಪ್ರಕಟಣೆ ಅಂಟಿತು: ‘ಕೆಂಪಂಗಿಯ ಸಂತ. ಹೂಪರ್ ಅವರ ಸ್ವಂತ ಕಲ್ಪನೆ.’

ಕೆಟೂರಾ ಕೈಯ ಬಣ್ಣವನ್ನೂ ಒರೆಸದೆ ಅವನ ಕೋಣೆಗೆ ಇಳಿದಳು.

“ನನ್ನ ಹೆಸರು ಹಾಕಿ.”

“ಕುಂಚಕ್ಕೆ ಯಾರಾದ್ರೂ ನಾಮಕರಣ ಮಾಡ್ತಾರೇನಮ್ಮಾ?”

“ಕವಿತೆಗೆ ಇಷ್ಟು ವರ್ಷ ಆದ್ಮೇಲೆ ಅಪ್ಪ ಬಂದ. ಟೋಪಿ ತೆಗೆದು ಕುರ್ಚಿ ಕೊಟ್ರಿ. ನಾನು ನಿಮ್ಮ ಕಣ್ಣೆದುರಿಗೇ ಹೆತ್ತೋಳು, ನಂಗೆ ಬಾಗ್ಲು ತೋರಿಸ್ತೀರಾ?”

“ತೋರಿಸ್ದೆ, ಹೋಗು. ಬೇರೆಯವಳು ಹಚ್ತಾಳೆ.”

ಆಕೆ ಮನೆಗೆ ಹೋದಳು. ಕುಡಿಕೆ ಮೇಜಿನ ಮೇಲೇ ಉಳಿಯಿತು. ಯಾವ ಹೆಂಗಸೂ ಅದರತ್ತ ಕೈ ಚಾಚಲಿಲ್ಲ.

“ಅದು ಕೆಟೂರಾ ಕುಡಿಕೆ, ಯಜಮಾನ್ರೇ,” ಎಂದಳು ಹನೋರಾ. “ಬೇಕಾದ್ರೆ ನೀವೇ ಅದ್ದಿ. ಕೋಟಿನ ತೋಳು ಜೋಪಾನ.”

ಬಿಳಿ ಅಂಗಿಯ ಸಂತರು ರಾಶಿಯಾಗಿ ಬಿದ್ದರು. ಡಿಸೆಂಬರ್ ಹತ್ತಿರವಾಗುತ್ತಲೇ ಹೂಪರ್ ಮಣಿದು ಆಳು ಕಳಿಸಿದ. ಹೆಸರು ಅಚ್ಚಾಗುವುದೆಂದು ಮಾತು ಕೊಟ್ಟ. ಕೆಟೂರಾ ಬಂದು ಹೊಸ ಹಾಳೆಯನ್ನು ಬೆಳಕಿಗೆ ಹಿಡಿದಳು. ಸಂತನ ಕಾಲಡಿಯಲ್ಲಿ ಅಚ್ಚಾಗಿತ್ತು: ‘ವರ್ಣ: ಶ್ರೀಮಾನ್ ಕೆ. ಲ್ಯಾನ್ಸಿಂಗ್.’

“ಹೆಂಗಸು ಅಂದ್ರೆ ಪುಸ್ತಕ ಅಗ್ಗ ಅಂತಾರಮ್ಮ,” ಎಂದ ಹೂಪರ್. “ಲ್ಯಾನ್ಸಿಂಗ್ ಇದೆಯಲ್ಲ, ಸಾಲ್ದಾ?”

ಹೆಸರನ್ನು ನುಂಗುವುದು ಒಂದು ಅನ್ಯಾಯ. ಹೆಸರು ಕೊಟ್ಟು, ಅದಕ್ಕೆ ಮೀಸೆ ಅಂಟಿಸುವುದು ಅದಕ್ಕಿಂತ ಹೇಯ. ಕೆಟೂರಾ ತನ್ನ ಜಾಗದಲ್ಲಿ ಕುಳಿತಳು. ಅಂಗಿಗೆ ಕೆಂಪು ತುಂಬಿದಳು. ಕುಂಚ ಒಣಗುವ ಮೊದಲೇ ‘ಶ್ರೀಮಾನ್’ ಮೇಲೆ ಗೀಟೆಳೆದು, ‘ಕೆ’ಯ ಮುಂದೆ ತನ್ನ ಹೆಸರಿನ ಉಳಿದ ಅಕ್ಷರಗಳನ್ನು ಬರೆದಳು. ಮುಂದಿನ ಹಾಳೆಗೂ ಹಾಗೆಯೇ.

“ಏನಮ್ಮಾ ಮಾಡ್ತಿದೀಯಾ?”

“ಬಣ್ಣ ಹಚ್ತಿದೀನಿ ಸ್ವಾಮಿ. ಈ ಮೇಜಲ್ಲಿ ಕೆಂಪು ನಂದಲ್ವಾ?”

ಹನೋರಾ ಮುಂದಿನ ಹಾಳೆಯನ್ನು ಸರಿಸಿದಳು. ಕೆಟೂರಾಳ ಕೈ ದಾಟದೆ ಒಂದು ಹಾಳೆಯೂ ಆ ಮಹಡಿಯಿಂದ ಇಳಿಯುವಂತಿರಲಿಲ್ಲ.