ಹೊಸ ಹುಡುಗಿಯರನ್ನು ಎದುರುಗೊಳ್ಳುವ ದಾನೇಶ್ವರಿ

ಇನ್ನೂ ನಸುಕು. ಹಾಸ್ಟೆಲ್ ಗೇಟಿನ ಮುಂದೆ ಆಗಲೇ ಆಟೋಗಳ ಸಾಲು. ಮೊದಲು ಟ್ರಂಕು ಇಳಿಯುತ್ತದೆ, ಹಿಂದೆಯೇ ಹಾಸಿಗೆ ಸುರುಳಿ, ಬಕೆಟ್ಟು, ಬಕೆಟ್ಟಿನೊಳಗೆ ಉಪ್ಪಿನಕಾಯಿ ಡಬ್ಬಿ. ಆಮೇಲೆ ಅಪ್ಪ, ಅಮ್ಮ. ಎಲ್ಲರಿಗಿಂತ ಕೊನೆಗೆ, ಅತ್ತು ಕಣ್ಣು ಕೆಂಪಾದ ಹುಡುಗಿ. ಹೈದರಾಬಾದಿನ ದಿಲ್‌ಸುಖ್‌ನಗರ ದಾಟಿ ಊರಂಚಿನಲ್ಲಿರುವ ಈ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂದಿನಿಂದ ಮೂರು ವಾರ ಮೊದಲ ವರ್ಷದವರಿಗೆ ಓರಿಯೆಂಟೇಶನ್. ಗೇಟಿನ ಮೇಲೆ ಕಾಲೇಜಿನ ಅಧ್ಯಕ್ಷರು ನಗುತ್ತಿರುವ ದೊಡ್ಡ ಬ್ಯಾನರು. ಅದರ ಕೆಳಗೆ, ಸೀರೆಯ ಮೇಲೆ ಗುತ್ತಿಗೆ ಏಜೆನ್ಸಿಯ ನೀಲಿ ಕೋಟು ಹಾಕಿಕೊಂಡು, ಹಾಸ್ಟೆಲ್ಲಿನ ಆಯಾ ದಾನೇಶ್ವರಿ ನಿಂತಿದ್ದಾರೆ.

ಆಟೋ ನಿಂತ ಕೂಡಲೇ ಅವರು ಟ್ರಂಕಿನ ಒಂದು ಹಿಡಿ ಹಿಡಿಯುತ್ತಾರೆ. "ಬಾ ತಂಗಿ, ಯಾವೂರು?" ಎಂದು ಕೇಳುತ್ತಾರೆ. ಹುಡುಗಿ ಪಿಳಿಪಿಳಿ ನೋಡುತ್ತಾಳೆ. ಒಂದು ಕ್ಷಣ ಕಾದು, "ಏ ಊರು ತಲ್ಲೀ?" ಎಂದು ತೆಲುಗಿಗೆ ಹೊರಳುತ್ತಾರೆ. ಅದಕ್ಕೂ ಉತ್ತರ ಬರದಿದ್ದರೆ ಹಿಂದಿ. ಪಕ್ಕದಲ್ಲಿ ಮೇಜು ಹಾಕಿಕೊಂಡು ಕುಳಿತ ಉಪನ್ಯಾಸಕಿ ವನಜಾ ಓರಿಯೆಂಟೇಶನ್ನಿನ ಉಸ್ತುವಾರಿ. ಅವರಿಗೆ ಇದು ಸಾಕಾಗಿದೆ. "ತೆಲುಗಲ್ಲೇ ಕೇಳಮ್ಮಾ, ಟೈಮ್ ಹಾಳು" ಎಂದು ತೆಲುಗಿನಲ್ಲಿ ಗದರುತ್ತಾರೆ. ದಾನೇಶ್ವರಿ ತಲೆಯಾಡಿಸುತ್ತಾರೆ. ಮುಂದಿನ ಆಟೋ ಬರುತ್ತದೆ. "ಬಾ ತಂಗಿ, ಯಾವೂರು?"

ಇಷ್ಟು ಹೊತ್ತಿಗೆ ಆ ಕನ್ನಡ ಅರ್ಥವಾದದ್ದು ಒಬ್ಬಳಿಗೆ ಮಾತ್ರ, ಬೀದರ್ ಕಡೆಯ ಹುಡುಗಿಗೆ. ಉಳಿದವರಿಗೆ ಇದು ತಮಾಷೆ. ಹಳೆಯ ವಿದ್ಯಾರ್ಥಿನಿಯರು ಇವರಿಗೆ 'ಕನ್ನಡ ಆಂಟಿ' ಎಂದು ಹೆಸರಿಟ್ಟಿದ್ದಾರೆ. ಹೋದ ವರ್ಷದವರೆಗೆ ಆ ಹೆಸರು ಇರಲಿಲ್ಲ, ಈ ಹಟವೂ ಇರಲಿಲ್ಲ.

ದಾನೇಶ್ವರಿ ಸೇಡಂ ಕಡೆಯವರು. ಮದುವೆಯಾಗಿ ಬಂದದ್ದು ಹೈದರಾಬಾದಿಗೆ, ಗಾರೆ ಕೆಲಸದ ಪರಮೇಶನ ಕೈ ಹಿಡಿದು. ಸ್ಲ್ಯಾಬಿನಿಂದ ಬಿದ್ದು ಗಂಡನ ಸೊಂಟ ಹೋದ ಮೇಲೆ ಹಾಸ್ಟೆಲ್ಲಿನ ಪೊರಕೆ ಹಿಡಿದರು. ಮೂರು ಮಹಡಿ, ಇನ್ನೂರರ ಹತ್ತಿರ ಹುಡುಗಿಯರು, ಸಾಲು ಸಾಲು ಬಚ್ಚಲು. ಲಿಫ್ಟು ಇದೆ, ಆದರೆ ಬಕೆಟ್ಟು ಹಿಡಿದವರಿಗಲ್ಲ. ಓರಿಯೆಂಟೇಶನ್ ಮುಗಿಯುವವರೆಗೆ ರಜೆಯೂ ಇಲ್ಲ. ಸಭಾಂಗಣಕ್ಕೆ ಕುರ್ಚಿ ಹೊರುವುದು, ದಾರಿ ತಪ್ಪಿದವರನ್ನು ಲ್ಯಾಬಿಗೆ ಮುಟ್ಟಿಸುವುದು, ರಾತ್ರಿ ಅಳುವವರಿಗೆ ನೀರು ಕೊಡುವುದು, ಎಲ್ಲವೂ ಇವರದೇ. 'ಹೊಸ ಬದುಕಿಗೆ ಹೊಂದಿಕೊಳ್ಳುವುದು ಹೇಗೆ' ಎಂದು ಹೊರಗಿನಿಂದ ಬಂದವರು ಪರದೆಯ ಮೇಲೆ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಾರೆ. ಅವರು ಹೋದ ಮೇಲೆ ಕಸ ಗುಡಿಸುವವರೂ ಇವರೇ.

ತೆಲುಗು ಇವರಿಗೆ ಚೆನ್ನಾಗಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೇಳಿದರೆ ಇವರು ನಗುತ್ತಾರೆ, ಆ ನಗುವಿನಲ್ಲಿ ಗೆಲುವಿಲ್ಲ. "ಬರ್ತೈತ್ರಿ, ಕೆಲಸಕ್ಕ ಎಷ್ಟ ಬೇಕೋ ಅಷ್ಟ. ಬಕೀಟ ಕೊಡು, ನೀರು ಬಿಡು, ಉಂಡ್ಯಾ, ಮಲ್ಕೋ. ದುಃಖದಾಗಿದ್ದಾಕಿಗೆ ಸಮಾಧಾನ ಹೇಳೂ ತೆಲುಗು ನನಗ ಯಾರೂ ಕಲಿಸಿಲ್ರಿ. ಅದು ನಮ್ಮವ್ವನ ಮಾತಿನಾಗ ಅಷ್ಟ ಬರ್ತೈತಿ."

ಆ ಮಾತೂ ಈಗ ಮನೆಯೊಳಗಿನದು ಮಾತ್ರ. ಅದೂ ಗಂಡನ ಜೊತೆಗೆ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮಗ ಅಮರೇಶನಿಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ತೆಲುಗಿನಲ್ಲಿ ಬರುತ್ತದೆ. ಈ ಊರಿನಲ್ಲಿ ಬದುಕುವ ಕನ್ನಡದವರ ರೂಢಿಯೇ ಅದು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಹೋಗುವಂತೆ, ಕನ್ನಡವನ್ನು ಹೊಸ್ತಿಲೊಳಗೆ ಬಿಟ್ಟು ಹೊರಗೆ ಬರುತ್ತಾರೆ. ಯಾರೂ ಹಾಗೆ ಮಾಡೆಂದು ಹೇಳಿಲ್ಲ, ಮಾಡಬೇಡವೆಂದೂ ಹೇಳಿಲ್ಲ.

ಹೋದ ವರ್ಷ ಇದೇ ಗೇಟಿಗೆ ಬಂದ ಶಿವಗಂಗಾ ಒಬ್ಬಳೇ ಬಂದಿದ್ದಳು. ಇವರು ತೆಲುಗಿನಲ್ಲಿ ಊರು ಕೇಳಿದರು. ಅವಳು ತೆಲುಗಿನಲ್ಲೇ "ಮಿಯಾಪುರ" ಎಂದಳು. ಅದು ಸುಳ್ಳಲ್ಲ. ಅವಳು ಬೆಳೆದದ್ದು ಮಿಯಾಪುರದ ಕಟ್ಟಡಗಳ ಪಕ್ಕದ ಕೂಲಿ ಶೆಡ್ಡುಗಳಲ್ಲಿ, ಓದಿದ್ದು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ, ತೆಲುಗು ಮಾಧ್ಯಮದಲ್ಲಿ. ಮಿಯಾಪುರದಲ್ಲೇ ಹುಟ್ಟಿ ಬೆಳೆದ ತೆಲುಗು ಹುಡುಗಿ ಎಂದುಕೊಂಡು ಇವರು ಎರಡನೇ ಮಹಡಿಯ ಮಂಚ ತೋರಿಸಿ ಬಂದರು.

ಓರಿಯೆಂಟೇಶನ್ನಿನ ಮೊದಲ ವಾರ ಪ್ರತಿಯೊಬ್ಬರೂ ವೇದಿಕೆ ಹತ್ತಿ ಮೈಕು ಹಿಡಿದು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳಬೇಕು. ಶಿವಗಂಗಾ ಹೆಸರು ಹೇಳಿದಳು. ಮುಂದಿನ ಇಂಗ್ಲಿಷು ಬರಲಿಲ್ಲ. ಮೈಕು ಹಿಡಿದು ಹಾಗೆಯೇ ನಿಂತಳು. ಸಭೆ ನಕ್ಕಿತು. ಹಿಂದೆ ಕುರ್ಚಿ ಜೋಡಿಸುತ್ತಿದ್ದ ದಾನೇಶ್ವರಿ ಅದನ್ನು ಕಂಡರು. ಅಂದಿನಿಂದ ಹುಡುಗಿ ಕೋಣೆ ಬಿಟ್ಟು ಹೊರಗೆ ಬರುವುದು ಕಡಿಮೆಯಾಯಿತು.

"ಕಸ ಹೊಡ್ಯಾಕ ಹೋದಾಗೆಲ್ಲಾ ಗ್ವಾಡಿ ಕಡೆ ಮುಖ ಮಾಡಿ ಮಲಗಿರ್ತಿದ್ಲು. ಏನಾಯ್ತು ಅಂತ ತೆಲುಗಿನಾಗ ಕೇಳಿದೆ. ತಲಿನೋವು ಅಂದ್ಲು. ಝಂಡು ಬಾಮ್ ಕೊಟ್ಟೆ, ಚಾ ಕೊಟ್ಟೆ. ಮತ್ತ ಕೇಳಿದೆ, ಮತ್ತ ತಲಿನೋವು ಅಂದ್ಲು. ನನಗೂ ಮುಂದ ಕೇಳಾಕ ಮಾತ ಇರ್ಲಿಲ್ಲ, ಅಕಿಗೂ ಹೇಳಾಕ ಇರ್ಲಿಲ್ಲ. ಬಕೀಟ ತಗೊಂಡು ಬಂದ್ಬಿಟ್ಟೆ."

ಎರಡನೇ ವಾರ ಮುಗಿಯುವ ಮೊದಲೇ ತಂದೆ ಬಂದರು. ಹಂಪಯ್ಯ, ಆಗ ಸಂಸಾರವಿದ್ದ ಮಣಿಕೊಂಡದ ಯಾವುದೋ ಅಪಾರ್ಟ್‌ಮೆಂಟಿನ ಸೆಂಟ್ರಿಂಗ್ ಕೆಲಸದಿಂದ ಎದ್ದು ಹಾಗೆಯೇ ಬಂದಿದ್ದರು. ಅಂಗಿಯ ಮೇಲೆ ಸಿಮೆಂಟು ಒಣಗಿತ್ತು. ಕಚೇರಿಯವರ ಜೊತೆ ತೆಲುಗಿನಲ್ಲಿ ಮಾತಾಡಿ ಮುಗಿಸಿದರು. ಮಗಳ ಟ್ರಂಕು ಹೊತ್ತು ಗೇಟಿನವರೆಗೆ ತಂದವರು ದಾನೇಶ್ವರಿಯೇ. ಆಟೋದಲ್ಲಿ ಟ್ರಂಕು ಇಡುವಾಗ ಅಪ್ಪ ಮಗಳಿಗೆ, "ಯಾರಾದ್ರೂ ಏನಾರ ಅಂದ್ರೇನವ್ವಾ?" ಎಂದು ಕೇಳಿದರು. "ಇಲ್ಲಪ್ಪಾ, ಯಾರೂ ಏನೂ ಅನ್ಲಿಲ್ಲ. ಒಬ್ರೂ ಮಾತಾಡ್ಲಿಲ್ಲ. ನನ್ನ ಜೀವಾ ತಡ್ಯಾಂಗಿಲ್ಲ ಇಲ್ಲೆ" ಎಂದು ಮಗಳು ಬಿಕ್ಕಿದಳು.

ದಾನೇಶ್ವರಿ ಟ್ರಂಕಿನ ಹಿಡಿ ಬಿಡದೆ ನಿಂತುಬಿಟ್ಟರು. "ಅಯ್ಯ ನನ್ನವ್ವಾ, ನೀ ನಮ್ಮಾಕಿ ಏನ?" ಎಂದು ಬಾಯಿಂದ ಬಂದುಬಿಟ್ಟಿತು. ಹುಡುಗಿ ತಲೆ ಎತ್ತಿ ಇವರನ್ನು ನೋಡಿದಳು. "ನೀವು ಒಮ್ಮಿನೂ ಕನ್ನಡದಾಗ ಮಾತಾಡ್ಲಿಲ್ಲಲ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು. ಆಟೋ ಹೊರಟಿತು. ನೀನೂ ಆಡಲಿಲ್ಲವಲ್ಲ ಎನ್ನಬಹುದಿತ್ತು. ಹದಿನೇಳರ ಹುಡುಗಿಗೆ ಐವತ್ತು ದಾಟಿದವಳು ಹಾಗೆನ್ನುವುದೇ ಎಂದು ಇವರು ನಾಲಿಗೆ ಕಚ್ಚಿಕೊಂಡರು.

ಓರಿಯೆಂಟೇಶನ್ ಮುಗಿಯುವುದರೊಳಗೆ ಹುಡುಗಿ ತಿರುಗಿ ಬಂದರೆ ಸೀಟು ಉಳಿಯುತ್ತದೆ, ಬರದಿದ್ದರೆ ಇಲ್ಲ ಎಂದು ಕಚೇರಿಯವರು ಹೇಳಿದರು. ದಾನೇಶ್ವರಿ ಎರಡನೇ ಮಹಡಿಯ ಆ ಮಂಚಕ್ಕೆ ತಿಗಣೆ ಹತ್ತಿದೆ ಎಂದು ವಾರ್ಡನ್‌ಗೆ ಸುಳ್ಳು ಹೇಳಿ, ಬೇರೆಯವರಿಗೆ ಕೊಡದಂತೆ ನೋಡಿಕೊಂಡರು. ಭಾನುವಾರ ಮೈ ಸರಿಯಿಲ್ಲವೆಂದು ಹೇಳಿ ಮಣಿಕೊಂಡದ ಬಸ್ಸು ಹತ್ತಿದರು. ಇಷ್ಟು ವರ್ಷದ ನೌಕರಿಯಲ್ಲಿ ಓರಿಯೆಂಟೇಶನ್ ನಡುವೆ ಇವರು ತಪ್ಪಿಸಿಕೊಂಡದ್ದು ಅದೊಂದೇ ದಿನ.

ಕೇಳಿ ಕೇಳಿ ಶೆಡ್ಡು ಸಿಕ್ಕಿತು. ಹಂಪಯ್ಯ ಹೊರಗೆ ಚಾಪೆ ಹಾಸಿದರು. "ನೀವರ ಹೇಳ್ರಿ ಅಕ್ಕಾರ, ನಮ್ಮ ಮಾತು ಕೇಳಂಗಿಲ್ಲ" ಎಂದರು. ಶಿವಗಂಗಾ ಒಲೆಯ ಮುಂದಿದ್ದಳು. ದಾನೇಶ್ವರಿ ಅಲ್ಲಿ ತಮಗೆ ಬಂದಷ್ಟೂ ಕನ್ನಡ ಆಡಿದರು. ಮೊದಲ ಸಲ ಈ ಊರಿಗೆ ಬಂದಾಗ ತಾವು ನಲ್ಲಿಯ ಹತ್ತಿರ ನಿಂತು ಅತ್ತದ್ದನ್ನು ಹೇಳಿದರು. ದಿನಾ ರಾತ್ರಿ ಬಂದು ನಿನ್ನ ಹತ್ತಿರ ಕೂಡುತ್ತೇನೆ ಎಂದರು. ಇಂಗ್ಲಿಷು ಯಾರ ತಾಯಿಯ ಹೊಟ್ಟೆಯಿಂದಲೂ ಬರುವುದಿಲ್ಲ ಎಂದರು. ತಪ್ಪು ನನ್ನದು ಎಂದೂ ಅಂದರು. ಹುಡುಗಿ ರೊಟ್ಟಿ ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ರೊಟ್ಟಿ ಇವರ ತಟ್ಟೆಗೂ ಹಾಕಿದಳು.

"ಬರ್ತೀಯೇನವ್ವಾ?" ಎಂದು ಕೊನೆಗೆ ಕೇಳಿದರು.

"ರಾನು ಆಂಟೀ. ಮೀರು ವೆಳ್ಳಂಡಿ" ಎಂದಳು ಶಿವಗಂಗಾ. ಬರುವುದಿಲ್ಲ, ನೀವು ಹೋಗಿ ಎಂದು ತೆಲುಗಿನಲ್ಲಿ, ಮರ್ಯಾದೆಯಿಂದ, ಹೊರಗಿನವರಿಗೆ ಹೇಳುವಂತೆ ಹೇಳಿದಳು.

ಸೀಟು ಹೋಯಿತು. ಮಂಚ ಬೇರೆಯವರ ಪಾಲಾಯಿತು. ಆ ಕಟ್ಟಡ ಮುಗಿದು, ಹಂಪಯ್ಯನವರ ಸಂಸಾರ ಈಗ ಯಾವ ಶೆಡ್ಡಿನಲ್ಲಿದೆಯೋ ಗೊತ್ತಿಲ್ಲ. ಹುಡುಗಿ ಮತ್ತೆಲ್ಲಾದರೂ ಓದುತ್ತಿದ್ದಾಳೆಯೇ ಎಂದು ಹೇಳುವವರೂ ಇಲ್ಲ. ಅವರು ಕೊಟ್ಟಿದ್ದ ನಂಬರಿಗೆ ಫೋನು ಹೋಗುವುದಿಲ್ಲ.

"ಊರು ಕೊಳ್ಳಿ ಹೋದ ಮ್ಯಾಲ ದಿಡ್ಡಿ ಬಾಗ್ಲಾ ಹಾಕಿದ್ರಂತ, ಹಂಗ ಆತ್ರಿ ನಂದು" ಎನ್ನುತ್ತಾರೆ ದಾನೇಶ್ವರಿ, ಮುಂದಿನ ಆಟೋದ ಕಡೆ ನೋಡುತ್ತ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಬಂದ ಆಟೋದ ಟ್ರಂಕು ಇಳಿಸಿಡುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಅಕಿ ಬರ್ಲಿಲ್ಲಂತ ದುಃಖಾ ಇಲ್ರಿ. ಬರೂದು ಬಿಡೂದು ಅಕಿ ಕೈಯಾಗಿತ್ತು. ಒಲ್ಲೆ ಅನ್ನೂದನ್ನ ನನ್ನ ಮುಂದ ಕನ್ನಡದಾಗ ಅಂದಿದ್ರ ಸಾಕಿತ್ತು."