ಮೂರು ದಾರಿಯ ಮಡಕೆಗಳು

ಕುರುಗೋಡಿನ ಸಂತೆಯಲ್ಲಿ ಗುರುಬಸಮ್ಮ ಎದುರಿಗೆ ಬಂದಳೆಂದರೆ ಹೆಂಗಸರು ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಸೆರಗಿನ ಹಿಂದೆ ಮರೆಮಾಡುತ್ತಿದ್ದರು. ಮರ್ಯಾದೆಯಿಂದಲ್ಲ, ಅವಳ ಬಾಯಿಗೆ ಹೆದರಿ. "ಅದನ್ನ ತಿಂದು ಎಮ್ಮಿ ಸತ್ರ ನೀ ಹಾಲು ಕೊಡ್ತೀಯೇನು?" ಎಂದು ನಾಲ್ಕು ಜನರ ಮುಂದೆ ಕೇಳಿಬಿಡುವವಳು ಅವಳು. ಮಗಳು ಚೈತ್ರಾ ಬಳ್ಳಾರಿಯ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ದಾರ ಕತ್ತರಿಸುವ ಕೆಲಸಕ್ಕಿದ್ದಳು. ಅಲ್ಲಿ ಸುಡಲು ರಾಶಿ ಹಾಕಿದ ಬಟ್ಟೆ ತುಂಡುಗಳನ್ನು ಸಂಜೆ ಬಸ್ಸಿನಲ್ಲಿ ಹೊತ್ತು ತರುತ್ತಿದ್ದಳು. ಗುರುಬಸಮ್ಮ ಅವನ್ನು ಜೋಡಿಸಿ ಕೈಚೀಲ ಹೊಲಿದು ಕಂಡಕಂಡವರಿಗೆ ಕೊಡುತ್ತಿದ್ದಳು. ಇಸಕೊಂಡವರು ಅದರಲ್ಲಿ ಹಳೆ ಚಪ್ಪಲಿ ತುಂಬಿ ಅಟ್ಟಕ್ಕೆ ಎಸೆದು, ಮತ್ತೆ ಪ್ಲಾಸ್ಟಿಕ್ ಹಿಡಿದೇ ಸಂತೆಗೆ ಹೋಗುತ್ತಿದ್ದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.

ಇಷ್ಟು ಬೈದರೂ ಓಣಿಯ ಜನ ಅವಳನ್ನು ಬಿಟ್ಟಿರುತ್ತಿರಲಿಲ್ಲ. ಕಾರಣ ಅವಳ ಕಂಠ. ಆ ಓಣಿಯಲ್ಲಿ ಹುಟ್ಟಿದ ಯಾವ ಕೂಸೂ ಗುರುಬಸಮ್ಮನ ಜೋಗುಳವಿಲ್ಲದೆ ತೊಟ್ಟಿಲು ಏರಿದ್ದಿಲ್ಲ. ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಕೂಸಿಗಿಂತ ಮೊದಲು ಅದನ್ನು ತೊಟ್ಟಿಲ ಕೆಳಗಿಂದ ದಾಟಿಸಿ ಮಲಗಿಸುವ ಶಾಸ್ತ್ರಕ್ಕೆ ಅವಳೇ ಆಗಬೇಕು. ಗೋಡೆಗೆ ಗೋಡೆ ಅಂಟಿದ ಮನೆಯ ಗಿಡ್ಡಮ್ಮನ ಮೂವರು ಮಕ್ಕಳನ್ನೂ ಅವಳೇ ಹಾಡಿ ಮಲಗಿಸಿದ್ದಳು. ಈಗ ಗಿಡ್ಡಮ್ಮನ ಸೊಸೆ ಜ್ಯೋತಿ ಬಸುರಿಯಾಗಿದ್ದಳು. ಹುಟ್ಟುವ ಕೂಸಿಗೆಂದು ಗುರುಬಸಮ್ಮ ಹಳೆ ಸೀರೆಯ ಮೆತ್ತನೆ ಕೌದಿ ಹೊಲಿದು ಆಗಲೇ ಬಟ್ಟೆ ಹಾಕುವ ಗಳಕ್ಕೆ ಹಾಕಿಟ್ಟಿದ್ದಳು.

ಎಡವಟ್ಟು ಶುರುವಾದದ್ದು ಚೈತ್ರಾಳ ಫೋನಿನಿಂದ. ಒಂದು ಭಾನುವಾರ ಅವಳು ಅವ್ವನ ಪಕ್ಕ ಕೂತು ಒಂದು ವಿಡಿಯೊ ತೋರಿಸಿದಳು. ಯಾವುದೋ ದೂರದೇಶದ ಹೆಂಗಸು, ಕೊರಳ ತುಂಬಾ ಮಣಿ, ಹುಣ್ಣಿಮೆಯ ಬೆಳಕಿಗೆ ನೀರಿನ ಗಡಿಗೆ ಇಟ್ಟು, ಮರಕ್ಕೆ ಕೈಮುಗಿದು, ಸೊಪ್ಪು ಒಣಗಿಸಿ ಹೊಗೆ ಹಾಕುತ್ತಿದ್ದಳು.

"ಇಕಿ ತನ್ನನ್ನ ತಾನ ಮಾಟಗಾತಿ ಅಂತಾಳಬೇ. ಅಲ್ಲಿ ಈಗ ಹಿಂಗ ಅನ್ಕೊಳ್ಳೋರು ಭಾಳ ಮಂದಿ ಅದಾರಂತ. ಭೂಮಿನ ಪೂಜೆ ಮಾಡಬೇಕು, ಹಾಳು ಮಾಡಬಾರದು ಅನ್ನೋದೇ ಇವರ ಮಂತ್ರ."

ಗುರುಬಸಮ್ಮ ಹೊಟ್ಟೆ ಹಿಡಿದು ನಕ್ಕಳು. "ಇದಕ್ಕ ಮಾಟ ಅಂತಾರೇನು? ಬೇವಿನ ಸೊಪ್ಪಿನ ಹೊಗಿ ನಾ ದಿನಾ ಹಾಕ್ತೀನಿ. ಭೂಮಿತಾಯಿಗೆ ಉಣ್ಸಾಕ ಹೊಲಕ್ಕ ಚರಗ ಚೆಲ್ತೀವಿ. ಹಂಗಾದ್ರ ನಾನೂ ಮಾಟಗಾತಿನ ಬಿಡು!"

ಮಗಳ ಮುಂದೆ ಅಂದದ್ದು ಅಲ್ಲಿಗೇ ಮುಗಿದಿದ್ದರೆ ಆಗುತ್ತಿತ್ತು. ಮಾತು ರುಚಿಸಿತು ನೋಡಿ, ಮರುದಿನ ನಲ್ಲಿಯ ಸಾಲಿನಲ್ಲಿ ನಿಂತು ಹತ್ತು ಕೊಡಗಳ ಮುಂದೆಯೂ ಅದನ್ನೇ ಅಂದಳು. ಎಲ್ಲರೂ ನಕ್ಕರು. ನಕ್ಕವರು ಮನೆಗೆ ಹೋಗಿ ನೆನಪಿಟ್ಟುಕೊಂಡರು.

ಊರ ಹೊರಗೆ ಮೂರು ದಾರಿ ಕೂಡುವ ಕಡೆ ಬಸ್ಸು ನಿಲ್ಲುತ್ತದೆ. ಸಿರುಗುಪ್ಪದ ಕಡೆ ಹೋಗುವವರು, ಬಳ್ಳಾರಿಯ ಆಸ್ಪತ್ರೆಗೆ ಹೊರಟವರು, ಸಾಲಿ ಮಕ್ಕಳು, ಎಲ್ಲರೂ ಅಲ್ಲಿ ತಲೆಯ ಮೇಲೆ ಟವೆಲ್ಲೋ ಪುಸ್ತಕವೋ ಇಟ್ಟುಕೊಂಡು ನಿಲ್ಲಬೇಕು. ಈ ಸೀಮೆಗೆ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ, ಎರಡೇ ಕಾಲ. ಬಸುರಿ ಜ್ಯೋತಿ ಒಮ್ಮೆ ಅಲ್ಲೇ ಬಸ್ಸಿಗೆ ಕಾದು ಕಾದು ತಲೆ ತಿರುಗಿ ಕುಸಿದಿದ್ದಳು. ಅವತ್ತೇ ಗುರುಬಸಮ್ಮ ಅಲ್ಲಿ ನೆರಳು ಮಾಡುತ್ತೇನೆಂದು ಹಟ ತೊಟ್ಟಳು. ಬೇವು, ಹೊಂಗೆ ಸಸಿ ನೆಟ್ಟಳು. ಆದರೆ ಕೊಡದಲ್ಲಿ ಹೊತ್ತು ಸುರಿದ ನೀರು ಆ ಕಾದ ನೆಲಕ್ಕೆ ಎಲ್ಲಿ ಸಾಕು? ಆಗ ಚೈತ್ರಾ ಮತ್ತೊಂದು ವಿಡಿಯೊ ತೋರಿಸಿದಳು. ಸಸಿಯ ಪಕ್ಕ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬಿದರೆ, ಅದು ಮೆಲ್ಲಗೆ ಜಿನುಗಿ ಬೇರನ್ನು ತಂಪಾಗಿಡುತ್ತದೆ.

ಗುರುಬಸಮ್ಮ ಕುಂಬಾರರ ಮನೆಯಿಂದ ಸೊಟ್ಟ ಮಡಕೆಗಳನ್ನು ಕೇಳಿ ತಂದಳು. ನೆಲ ಅಗೆಯಲು ಗಂಡ ಚಿದಾನಂದಪ್ಪ ಬೇಕಿತ್ತು. ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮೂಟೆ ಹೊರುವ ಆತನಿಗೆ ಬಿಡುವು ಸಿಕ್ಕದ್ದು ಅಮಾವಾಸ್ಯೆಯ ದಿನ. ಇರುವೆ ಬಾರದಿರಲೆಂದು ಮಡಕೆಯ ಸುತ್ತ ಅರಿಶಿನ, ಗೆದ್ದಲು ಹತ್ತದಿರಲೆಂದು ಬೇವಿನ ಹಿಂಡಿ, ಕಸ ಬೀಳದಿರಲೆಂದು ಬಾಯಿಗೆ ಬಟ್ಟೆ ಕಟ್ಟಿ ಮೇಲೊಂದು ಕಲ್ಲು. ಬಟ್ಟೆ ತುಂಡಿನಲ್ಲಿ ಅವತ್ತು ಕೈಗೆ ಸಿಕ್ಕದ್ದು ಕರಿಯದು. ನೀವೇ ನೋಡಿ: ಮೂರು ದಾರಿ, ಅಮಾವಾಸ್ಯೆ, ಹೂತ ಮಡಕೆ, ಅರಿಶಿನ, ಕರಿ ಬಟ್ಟೆ. ಇಷ್ಟಕ್ಕೂ ಮೇಲೆ, ನಲ್ಲಿಯ ಹತ್ತಿರ ತಾನೇ ಬಾಯಿಬಿಟ್ಟು ಹೇಳಿಕೊಂಡ ಮಾತು. ಹೆಂಡತಿಯ ಬುದ್ಧಿಯ ಬಗ್ಗೆ ಚಿದಾನಂದಪ್ಪನಿಗೆ ಅನುಮಾನ ಬಂದಿತ್ತು. ಆದರೆ ಆತ ಮಾತಾಡುವುದೇ ಹಬ್ಬಕ್ಕೊಮ್ಮೆ.

ಮೊದಲು ಕಂಡವನು ಆಟೊ ಓಡಿಸುವ ಕರಿಬಸವ. ಬೆಳಿಗ್ಗೆ ಆಟೊ ನಿಲ್ಲಿಸಲು ಹೋಗಿ ಮಡಕೆ ಕಂಡವನೇ ಎದೆ ಒಡೆದುಕೊಂಡು ಊರೊಳಗೆ ಬಂದ. "ಮಾಟ ಮಾಡ್ಸ್ಯಾರಲೇ! ಸಾಲಾಗಿ ಹೂಳ್ಯಾರ!" ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮಡಕೆ ಒಡೆದು, ಪಕ್ಕದ ಸಸಿಗಳನ್ನೂ ಕಿತ್ತು ಬೆಂಕಿ ಹಚ್ಚಿದ್ದರು. ಗುರುಬಸಮ್ಮ ಓಡಿಹೋಗಿ ಕೂಗಾಡಿದಳು.

"ನೀರಿನ ಮಡಕಿ ಅವು! ಗಿಡಕ್ಕ ಇಟ್ಟಿದ್ದು! ನಿಮ್ಮ ತಲಿಮ್ಯಾಗ ನೆಳ್ಳು ಬೀಳ್ಲಿ ಅಂತ ಇಟ್ರ..."

"ನೀರಾದ್ರ ಅಮಾವಾಸಿ ದಿನ ಯಾಕ ಹೂಳಬೇಕಿತ್ತಕ್ಕ?" ಎಂದ ಕರಿಬಸವ, ಎರಡು ಹೆಜ್ಜೆ ಹಿಂದೆ ಸರಿದು. ಅವನು ಹಿಂದೆ ಸರಿದದ್ದೇ ಅವಳಿಗೆ ಹೆಚ್ಚು ಉರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಉಳಿದ ಐದಾರು ಮಡಕೆಗಳ ಮುಂದೆ ಕೂತು ಸಿಟ್ಟಿಗೆ ಅತ್ತಳು. ಅಳುವುದನ್ನು ಕಂಡವರು ಮಾಟ ಕೆಟ್ಟಿತೆಂದು ಅಳುತ್ತಿದ್ದಾಳೆ ಎಂದರು.

ವಾರ ಕಳೆದಿರಲಿಲ್ಲ, ಸಿರುಗುಪ್ಪದ ಕಡೆಯ ವೆಂಕಣ್ಣ ಎಂಬ ಭತ್ತದ ರೈತ ಮನೆ ಹುಡುಕಿಕೊಂಡು ಬಂದ. ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು, ಧ್ವನಿ ತಗ್ಗಿಸಿ ಕೇಳಿದ:

"ಅಕ್ಕಾ, ನಮ್ಮ ಗದ್ದ್ಯಾಗ ಇಲಿ ಕಾಟ. ಬಾಜು ಹೊಲದಾಗ ಒಂದೂ ಇಲ್ಲ. ಅವನು ನಮಗ ಏನೋ ಮಾಡ್ಸ್ಯಾನ. ನೀವು ತಿರುಗಿಸಿ ಬಿಡ್ಬೇಕು ನೋಡ್ರಿ."

"ಇಲಿಗೆ ವಿಷ ಇಟ್ಟಿದ್ದೀಯೇನಪಾ?"

"ಇಟ್ಟೀನ್ರಿ. ಇಲಿ ಕಡಿಮಿ ಆಗ್ಲಿಲ್ಲ, ಗೂಗಿ ಸತ್ವು. ಅಪಶಕುನದ ಹಕ್ಕಿ, ಹೋದ್ರ ಹೋಗ್ಲಿ ಬಿಡ್ರಿ."

ಗುರುಬಸಮ್ಮ ಸಮಾಧಾನದಿಂದಲೇ ಬಿಡಿಸಿ ಹೇಳಿದಳು. ಇಲಿ ತಿನ್ನುವುದೇ ಗೂಬೆ, ವಿಷದ ಇಲಿ ತಿನ್ನಿಸಿ ಗೂಬೆಯನ್ನು ಕೊಂದು ಇಲಿ ಹೆಚ್ಚಿತೆಂದರೆ ಯಾರ ತಪ್ಪು, ಬಾಜು ಹೊಲದವನು ವಿಷ ಇಟ್ಟಿರಲಿಕ್ಕಿಲ್ಲ. ವೆಂಕಣ್ಣ ಹೂಂ ಹೂಂ ಎಂದು ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ, "ಅದು ಸರಿ ಅಕ್ಕಾ, ಮಂತ್ರ ಯಾವಾಗ ಮಾಡ್ತೀರಿ?" ಎಂದ.

ಅವಳ ತಾಳ್ಮೆಯ ಕಟ್ಟೆ ಒಡೆದದ್ದು ಆಗ. ಇಷ್ಟು ವರ್ಷ ನಿಜ ಹೇಳಿ ಹೇಳಿ ಗಂಟಲು ಒಣಗಿತ್ತು. ಸಿಟ್ಟಿನಲ್ಲೇ ಕಣ್ಣು ಕೆಂಪಗೆ ಮಾಡಿಕೊಂಡು ಗುಡುಗಿದಳು:

"ಗದ್ದ್ಯಾಗ ಅಲ್ಲಲ್ಲಿ ಎತ್ತರಕ ಗೂಟ ನೆಟ್ಟು ಅಡ್ಡ ಕಟಗಿ ಕಟ್ಟು. ರಾತ್ರಿ ಗೂಗಿ ಬಂದು ಕೂತ್ರ ಮಾಟ ತಿನ್ನಾಕ ಬಂದೈತಿ ಅಂತ ತಿಳ್ಕೊ. ಅದನ್ನ ಓಡಿಸಿದ್ರ, ವಿಷ ಇಟ್ರ, ಕೊಯ್ದ ಮ್ಯಾಲ ಹುಲ್ಲಿಗೆ ಬೆಂಕಿ ಹಚ್ಚಿದ್ರ, ಮಾಟ ನಿನ್ನ ಮನಿಗೆ ತಿರುಗ್ತೈತಿ. ಹೋಗು!"

ವೆಂಕಣ್ಣ ಕಾಲಿಗೆ ಬಿದ್ದು ಹೋದ. ಹೇಳಿದ್ದನ್ನು ಅಕ್ಷರಶಃ ಮಾಡಿದ. ಇಲಿ ಕಡಿಮೆಯಾದವು. ಆತ ಸುಮ್ಮನಿರುತ್ತಾನೆಯೇ? ಸಿರುಗುಪ್ಪದಿಂದ ಬಳ್ಳಾರಿಯವರೆಗೆ ಬಸ್ಸಿನ ಸೀಟು ಸೀಟಿಗೂ ಹೇಳಿದ. ಕುರುಗೋಡಿನವಳ ಕೈಗುಣ ದೊಡ್ಡದು, ಅವಳು ಹೂತ ಮಡಕೆ ಮುಟ್ಟಿದವನ ವಂಶ ಉಳಿಯುವುದಿಲ್ಲ ಎಂದು ತನ್ನದೂ ಒಂದಿಷ್ಟು ಸೇರಿಸಿದ. ಅವತ್ತಿನಿಂದ ಮೂರು ದಾರಿಯ ಸಸಿಗಳ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕರಿಬಸವ ಆಟೊ ದೂರ ನಿಲ್ಲಿಸಿದ. ಮೇಕೆಯವರು ಮೇಕೆಗಳನ್ನು ಬೇರೆ ದಾರಿಯಲ್ಲಿ ಹೊಡೆದುಕೊಂಡು ಹೋದರು. ಗುರುಬಸಮ್ಮ ಒಡೆದ ಕಡೆ ಹೊಸ ಸಸಿ, ಹೊಸ ಮಡಕೆ ಇಟ್ಟಳು. ಗಿಡಗಳು ಬಿಸಿಲಲ್ಲೂ ಚಿಗುರಿದವು.

"ನೋಡಬೇ, ಮಾಟಗಾತಿ ಆಗಿದ್ದಕ್ಕ ಗಿಡ ಉಳಿದ್ವು," ಎಂದಳು ಚೈತ್ರಾ ಹೆಮ್ಮೆಯಿಂದ.

ಗುರುಬಸಮ್ಮನಿಗೂ ಒಳಗೊಳಗೇ ಖುಷಿಯಾಗಿತ್ತು. ಅದು ಉಳಿದದ್ದು ಜ್ಯೋತಿಗೆ ಹೆರಿಗೆ ಆಗುವವರೆಗೆ. ಹೆಣ್ಣುಕೂಸು. ಗೋಡೆಯಾಚೆ ಅಳು ಕೇಳಿದ ಕೂಡಲೇ ಕೌದಿ ಹಿಡಿದು ಓಡಿದಳು. ಗಿಡ್ಡಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. "ಕೂಸು ಮಲಗೈತಿ, ಆಮ್ಯಾಗ ಬಾ," ಎಂದಳು. ಒಳಗೆ ಕೂಸು ಅಳುತ್ತಲೇ ಇತ್ತು. ಕೌದಿಯನ್ನು ಕೈಯಲ್ಲಿ ಮುಟ್ಟದೆ, ಅಲ್ಲೇ ಕಟ್ಟೆಯ ಮೇಲಿಡು ಎಂದಳು. ಸಂಜೆ ನೋಡಿದರೆ ಕೌದಿ ಕಟ್ಟೆಯ ಮೇಲೇ ಇತ್ತು.

ತೊಟ್ಟಿಲ ದಿನ ಕರೆ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಅವಳ ಬಾಗಿಲ ಮುಂದಿನಿಂದಲೇ ತಲೆ ತಗ್ಗಿಸಿ ಹಾದು ಹೋದರು. ಗೋಡೆಯಾಚೆ ಯಾರೋ ಶ್ರುತಿ ತಪ್ಪಿ ಹಾಡುತ್ತಿದ್ದರು. ಗುಂಡುಕಲ್ಲನ್ನು ದಾಟಿಸುವ ಹಾಡು ಅರ್ಧಕ್ಕೆ ಮರೆತುಹೋಗಿ ಎಲ್ಲರೂ ನಕ್ಕದ್ದು ಕೇಳಿಸಿತು. ಮುಂದಿನ ಸಾಲು ಗುರುಬಸಮ್ಮನ ನಾಲಿಗೆಯ ತುದಿಯಲ್ಲಿತ್ತು. ಬಾಯಿಗೆ ಸೆರಗು ತುರುಕಿಕೊಂಡು ಕೂತಳು. ಗಿಡ್ಡಮ್ಮನ ಮೇಲೆ, ಕರಿಬಸವನ ಮೇಲೆ, ಆ ಮಣಿ ಸರದ ಪರದೇಶದವಳ ಮೇಲೆ, ಎಲ್ಲಕ್ಕಿಂತ ತನ್ನ ಬಾಯಿಯ ಮೇಲೆ ಸಿಟ್ಟು ಬಂತು. ಅಲ್ಲಿ ಆಕೆ ಮಾಟಗಾತಿ ಎಂದುಕೊಂಡರೆ ಜನ ಮೆಚ್ಚುತ್ತಾರೆ. ಇಲ್ಲಿ ಅಂದುಕೊಂಡವಳ ಕೈಗೆ ಕೂಸನ್ನು ಕೊಡುವುದಿಲ್ಲ.

"ನಿಜ ಹೇಳಿಬಿಡ್ತೀನಿ," ಎಂದಳು ಗಂಡನಿಗೆ.

ಚಿದಾನಂದಪ್ಪ ಬಾಯಿ ಬಿಟ್ಟ. "ಹೇಳಿದ್ರ ಗಿಡ ಕೀಳ್ತಾರ."

"ಕಿತ್ರ ಕೀಳ್ಲಿ. ಮತ್ತ ನೆಡ್ತೀನಿ. ಆ ಕೂಸನ್ನ ಮತ್ತ ಯಾರು ಹಡಿತಾರ?"

ಮರುದಿನ ಬಸ್ಸಿಗೆ ಜನ ತುಂಬಿದ ಹೊತ್ತಿನಲ್ಲಿ ಮೂರು ದಾರಿಗೆ ಹೋದಳು. ಗಿಡ್ಡಮ್ಮನೂ ಔಷಧಿ ತರಲು ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದಳು. ಎಲ್ಲರ ಎದುರು ಗುರುಬಸಮ್ಮ ಮಡಕೆಯ ಕಲ್ಲು ಸರಿಸಿ, ಬಟ್ಟೆ ಬಿಚ್ಚಿದಳು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು.

"ನೋಡ್ರಿ ಎಲ್ಲಾರೂ! ಇದರಾಗ ಇರೋದು ಬರೇ ನಲ್ಲಿ ನೀರು. ಮಾಟಾನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ. ನಾ ಮಾಟಗಾತಿ ಅಲ್ಲ!"

ಹೇಳಿದವಳೇ ಲೋಟ ಅದ್ದಿ, ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು. ಅವಳ ಎದೆ ಹಗುರಾಯಿತು. ಇನ್ನೇನು ಗಿಡ್ಡಮ್ಮ ಬಂದು ಕೈ ಹಿಡಿಯುತ್ತಾಳೆ ಅನ್ನಿಸಿತು.

"ಅಯ್ಯಯ್ಯೋ," ಎಂದ ಕರಿಬಸವ ಆಟೊದೊಳಗಿಂದ. "ಮಾಟದ ನೀರನ್ನ ಕುಡಿದು ದಕ್ಕಿಸ್ಕೊಂಡ್ಲಲೇ! ಸಾಮಾನ್ಯದಾಕಿ ಅಲ್ಲ ಇಕಿ!"

ಬಸ್ಸಿಗೆ ಕಾಯುತ್ತಿದ್ದವರಲ್ಲಿ ಅರ್ಧ ಜನ ಕೈಮುಗಿದರು. ಗುರುಬಸಮ್ಮ ಲೋಟವನ್ನು ರಸ್ತೆಗೆ ಎಸೆದು, ಬಾಯಿಗೆ ಬಂದಂತೆ ಬೈದಳು. ಬೈಗುಳವನ್ನೂ ಅವರು ತಲೆ ತಗ್ಗಿಸಿ ಆಶೀರ್ವಾದದಂತೆ ಕೇಳಿಸಿಕೊಂಡರು.

ಅವತ್ತು ಸಂಜೆ ಅವಳು ಒಲೆ ಹಚ್ಚಲಿಲ್ಲ. ಚಿದಾನಂದಪ್ಪ ತಂದ ಮಿರ್ಚಿ, ಮಂಡಕ್ಕಿ ಒಗ್ಗರಣೆ ಕಾಗದದಲ್ಲೇ ಆರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಗಿಡ್ಡಮ್ಮ. ಸೆರಗಿನೊಳಗೆ ಕೂಸು. ಹೊಸ್ತಿಲು ದಾಟದೆ ಅಲ್ಲೇ ನಿಂತು, ಇಷ್ಟು ವರ್ಷ ಏಕವಚನದಲ್ಲಿ ಜಗಳವಾಡಿದ ಗೆಳತಿಯನ್ನು ಬಹುವಚನದಲ್ಲಿ ಮಾತಾಡಿಸಿದಳು.

"ತೊಟ್ಟಿಲಿಗೆ ಹಾಕಿದಾಗಿಂದ ಕೂಸು ಮಲಗವಲ್ದುರಿ. ಒಂದಾ ಸಮ ಅಳ್ತೈತಿ. ನಿಮ್ಮ ಕಣ್ಣೇ ಬಿದ್ದೈತಿ ಅಂದ್ರು ಯಾರೋ. ನೀವ ತೆಗಿಬೇಕ್ರಿ."

ನಿಮ್ಮ, ನೀವು. ಗುರುಬಸಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೋಗೇ ಗಿಡ್ಡಿ, ನಿನಗೇನು ಬುದ್ಧಿಗಿದ್ಧಿ ಐತೇನು ಎಂದು ಜುಟ್ಟು ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಆದರೆ ಸೆರಗಿನೊಳಗಿಂದ ಅಂಗೈಯಷ್ಟು ಪಾದವೊಂದು ಹೊರಗೆ ಬಂದಿತ್ತು.

"ತಾ ಇಲ್ಲಿ," ಎಂದು ಕೈ ಚಾಚಿದಳು.

ಕೂಸು ಮಡಿಲಿಗೆ ಬಂತು. ಕಟ್ಟೆಯ ಮೇಲಿಂದ ಮನೆಗೆ ವಾಪಸ್ಸು ತಂದಿಟ್ಟಿದ್ದ ಕೌದಿಯನ್ನು ಎಳೆದು ಹೊದಿಸಿದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಲಿಲ್ಲ. ತೊಡೆ ಅಲ್ಲಾಡಿಸುತ್ತಾ, ಧ್ವನಿ ತಗ್ಗಿಸಿ ಹಾಡತೊಡಗಿದಳು. ಗಿಡ್ಡಮ್ಮನ ಮೂರು ಮಕ್ಕಳನ್ನು ಮಲಗಿಸಿದ್ದ ಅದೇ ಜೋಗುಳ. ನಿನ್ನೆ ಗೋಡೆಯಾಚೆ ಅರ್ಧಕ್ಕೆ ನಿಂತುಹೋದ ಕಡೆಯಿಂದ ಹಿಡಿದು ಕೊನೆಯವರೆಗೆ ಹಾಡಿದಳು. ಕೂಸು ಅಳು ನಿಲ್ಲಿಸಿ, ಒಮ್ಮೆ ಬಿಕ್ಕಿ, ಕಣ್ಣು ಮುಚ್ಚಿತು.

ಈಗಲಾದರೂ ಗುರುತು ಹಿಡಿದಾಳು ಎಂದು ತಲೆ ಎತ್ತಿ ನೋಡಿದಳು. ಗಿಡ್ಡಮ್ಮ ಹೊಸ್ತಿಲಾಚೆ ಕಣ್ಣು ಮುಚ್ಚಿ, ಎರಡೂ ಕೈ ಮುಗಿದು ನಿಂತಿದ್ದಳು.

"ಮಂತ್ರ ಭಾಳ ಜೋರೈತಿ ನೋಡ್ರಿ," ಎಂದಳು ಮೆಲ್ಲಗೆ.